ಮೇಷ್ಟ್ರು ಮಗಳನ್ನು ಸೇರಿಸದ ಕೋರ್ಸು

ಪಾವಗಡದ ಕಡೆಯ ಒಂದು ಸೋಲಾರ್ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ಸುತ್ತಲಿನ ಊರಿನವರನ್ನೇ ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿ ಬಂದಾಗ, ನಾನು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಬಯಲಿನಲ್ಲಿ ಹರಡಿರುವ ಫಲಕಗಳಿಂದ ಮಾಹಿತಿ ಎಡೆಬಿಡದೆ ನಿಯಂತ್ರಣ ಕೊಠಡಿಗೆ ಹರಿಯಬೇಕು. ಆ ಹರಿವು ಎಲ್ಲಿ ಕಡಿಯಿತೆಂದು ಹುಡುಕಿ ಜೋಡಿಸುವವರು ಬೇಕಿತ್ತು. ವೈ.ಎನ್.ಹೊಸಕೋಟೆಯ ಹತ್ತಿರದ ನಮ್ಮೂರಿನಿಂದ ಬೆಳಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಮರಳಬಹುದಾದ ಕೆಲಸ ಅದು. ನಾನು ಅಷ್ಟೊಂದು ಆಸೆಪಟ್ಟದ್ದು ಬೇರೆ ಯಾವುದಕ್ಕೂ ಇಲ್ಲ. ಒಂದೇ ಷರತ್ತು: ನೆಟ್‌ವರ್ಕಿಂಗ್ ತರಬೇತಿ ಪಡೆದಿರಬೇಕು, ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾಡಿ ತೋರಿಸಬೇಕು.

ಕೋರ್ಸು ಹುಡುಕುತ್ತ ಮೊದಲು ಹೋದದ್ದು ಶಿರಾಕ್ಕೆ. ಅಲ್ಲಿನ ಒಂದು ಕಂಪ್ಯೂಟರ್ ಸೆಂಟರಿನ ಬೋರ್ಡಿನಲ್ಲಿ ‘ನೆಟ್‌ವರ್ಕಿಂಗ್’ ಎಂದು ದೊಡ್ಡದಾಗಿ ಬರೆದಿತ್ತು. ಒಳಗಿದ್ದ ಹಿರಿಯರು ನನ್ನ ಮಾತನ್ನು ಪೂರ್ತಿ ಕೇಳಿ ನಕ್ಕರು. "ಆ ಬೋರ್ಡ್ ನೋಡಿ ಮೋಸ ಹೋಗ್ಬೇಡ ಬೇಟಿ. ನಮ್ಮತ್ರ ಟೈಪಿಂಗು, ಟ್ಯಾಲಿ ಅಷ್ಟೇ. ಅಂಗಡಿಗೆ ವೈಫೈ ಹಾಕ್ಕೊಡ್ತೀವಲ್ಲ, ಅದಕ್ಕೆ ಅಂಗೆ ಬರ್ಸಿದೀವಿ." ಸುಳ್ಳು ಬೋರ್ಡು ಹಾಕಿಕೊಂಡಿದ್ದ ಆ ಮನುಷ್ಯ ಮಾತಿನಲ್ಲಿ ನಿಜ ಹೇಳಿದ್ದರು. ಅದರ ಬೆಲೆ ನನಗೆ ಅಂದು ಗೊತ್ತಾಗಲಿಲ್ಲ. ಕೊರಟಗೆರೆಯಲ್ಲಿ ವಿಚಾರಿಸಿದ್ದ ಸೆಂಟರು ಮುಚ್ಚಿ, ಆ ಜಾಗದಲ್ಲಿ ಮೊಬೈಲ್ ಅಂಗಡಿ ತೆರೆದಿತ್ತು.

ಆಗ ನನಗೆ ನೆನಪಾದವರು ನನ್ನ ಮೇಷ್ಟ್ರು. ಮಧುಗಿರಿಯ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು. ನಮ್ಮ ಕೇರಿಯಂಥದೇ ಕೇರಿಯಿಂದ ಬಂದು ಅಧ್ಯಾಪಕರಾದವರು. ಪ್ರತಿವರ್ಷ ಜಯಂತಿಯ ದಿನ ವೇದಿಕೆ ಹತ್ತಿ, ಓದು ನಮ್ಮ ಕೈಯಿಂದ ಜಾರಿದರೆ ಉಳಿಯುವುದೇನು ಎಂದು ಕೇಳಿ ನಮ್ಮ ಕಣ್ಣು ಒದ್ದೆ ಮಾಡುತ್ತಿದ್ದವರು. ಕೋರ್ಸಿಗೆ ಎಲ್ಲಿ ಸೇರಲಿ, ತುಮಕೂರಿಗೆ ಹೋಗಲೇ ಎಂದು ನಾನು ಫೋನಿನಲ್ಲಿ ಕೇಳಿದೆ. ಅವರು ತಡವರಿಸಲಿಲ್ಲ.

"ತುಮಕೂರು ಗಿಮಕೂರು ಯಾಕಮ್ಮಾ, ಬಸ್ಸಲ್ಲೇ ಜೀವ ಹೋಗುತ್ತೆ. ಮಧುಗಿರೀಲೇ ಒಳ್ಳೇ ಸೆಂಟರ್ ಇದೆ. ನಾನ್ ಹೇಳ್ದೆ ಅನ್ನು, ಚೆನ್ನಾಗ್ ನೋಡ್ಕೊತಾರೆ."

ತುಮಕೂರಿನಲ್ಲಿಯೂ ಒಮ್ಮೆ ವಿಚಾರಿಸಿ ಬರುತ್ತೇನೆಂದಾಗ ಅವ್ವ ಗದರಿದಳು. "ಮೇಷ್ಟ್ರು ಹೇಳುದ್ ಮ್ಯಾಲೆ ಇನ್ಯಾರ್ನ ಕೇಳಾದು? ಅವ್ರು ನಮ್ಮೋರು ಕಣಮ್ಮ. ಇನ್ನೊಬ್ರನ್ನ ಇಚಾರ್ಸುದ್ರೆ ಅವ್ರ ಮಾತ್ನ ನಂಬ್ನಿಲ್ಲ ಅಂದಂಗಾಯ್ತದೆ." ನಮ್ಮ ಮನೆಗಳಲ್ಲಿ ಇದು ಬರೆಯದ ಕಟ್ಟಳೆ. ಓದಿದವರು ಕೇರಿಯಲ್ಲಿ ವಿರಳ. ಹಾಗಿರುವಾಗ ಅವರೊಬ್ಬರನ್ನು ಕೇಳಿದ ಮೇಲೆ ಮತ್ತೊಬ್ಬರನ್ನು ಕೇಳುವುದು ಅವರನ್ನು ಅವಮಾನಿಸಿದಂತೆ. ನಾನು ಮಧುಗಿರಿಯಲ್ಲೇ ಸೇರಿದೆ.

ಆ ಸೆಂಟರಿನ ಲ್ಯಾಬಿಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಮೂಲೆಯಲ್ಲಿ ಗಾಜಿನ ಬಾಗಿಲಿನ ಎತ್ತರದ ಕಪಾಟು, ಅದರೊಳಗೆ ಸಾಲಾಗಿ ರೂಟರು, ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ ಸ್ವಿಚ್ ಪೆಟ್ಟಿಗೆಗಳು. ಶುಕ್ರವಾರ ಕಪಾಟಿಗೆ ಅರಿಶಿನ ಕುಂಕುಮ, ಊದುಬತ್ತಿ. ಆಯುಧಪೂಜೆಗೆ ಚೆಂಡುಹೂವಿನ ಹಾರ. ನಾವು ಕಲಿಯುತ್ತಿದ್ದುದು ಮಾತ್ರ ಕಂಪ್ಯೂಟರ್ ಪರದೆಯ ಮೇಲೆ. ಅಲ್ಲಿ ಸ್ವಿಚ್ಚಿನ ಚಿತ್ರವಿತ್ತು. ಅದನ್ನು ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತಿತ್ತು, ಅದರಲ್ಲಿ ಆಜ್ಞೆಗಳನ್ನು ಬರೆಯುತ್ತಿದ್ದೆವು. ನನ್ನಷ್ಟು ಬೇಗ ಯಾರೂ ಬರೆಯುತ್ತಿರಲಿಲ್ಲ. ಕಪಾಟು ಯಾವಾಗ ತೆರೆಯುತ್ತೀರಿ ಎಂದು ಕೇಳಿದಾಗಲೆಲ್ಲ ಕಲಿಸುವವರದು ಒಂದೇ ಉತ್ತರ: "ದುಬಾರಿ ಐಟಮ್ಮು ಕಣಮ್ಮ, ಮುಟ್ಟುಬುಟ್ಟು ಕೆಡುಸ್ಬುಟ್ರೆ? ಸ್ಕ್ರೀನಲ್ಲಿ ಬಂದ್ರೆ ಕೈಯಲ್ಲೂ ಬಂದಂಗೇ."

ಮುಟ್ಟಬೇಡ ಎಂಬ ಮಾತನ್ನು ನಮ್ಮ ಮನೆತನ ತಲೆಮಾರುಗಳಿಂದ ಕೇಳಿದೆ. ಆದರೂ ಅದನ್ನು ನಾನು ಅಲ್ಲಿ ಭಕ್ತಿಯೆಂದು ತಿಳಿದೆ. ಊದುಬತ್ತಿ ಹಚ್ಚುವ ಸರದಿ ಬಂದ ದಿನ ಹೆಮ್ಮೆಯಿಂದಲೇ ಹಚ್ಚಿದೆ.

ಪರೀಕ್ಷೆಯ ದಿನ ಪಾವಗಡದ ಆ ಕಂಪನಿಯ ಕೋಣೆಯಲ್ಲಿ ಮೇಜಿಗೊಂದರಂತೆ ನಿಜವಾದ ಸ್ವಿಚ್ಚುಗಳನ್ನು ಇಟ್ಟಿದ್ದರು. ಪಕ್ಕದಲ್ಲಿ ಲ್ಯಾಪ್‌ಟಾಪು, ಒಂದು ನೀಲಿ ಕೇಬಲ್ಲು. ಸ್ವಿಚ್ಚಿಗೆ ಲ್ಯಾಪ್‌ಟಾಪ್ ಜೋಡಿಸಿ ಅದರ ಹೆಸರು ಬದಲಾಯಿಸಿ ತೋರಿಸಬೇಕು. ತರಬೇತಿಯ ಮೊದಲ ವಾರದ ಪಾಠ. ಆಜ್ಞೆಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. ಕೇಬಲ್ಲನ್ನು ಎದುರಿಗೆ ಕಂಡ ಕಿಂಡಿಗಳ ಸಾಲಿನಲ್ಲಿ ಮೊದಲ ಪೋರ್ಟಿಗೆ ಸಿಕ್ಕಿಸಿದೆ. ಪರದೆ ಕಪ್ಪಾಗಿಯೇ ಇತ್ತು. ಎರಡನೆಯದಕ್ಕೆ ಹಾಕಿದೆ, ಆಮೇಲೆ ಕೊನೆಯದಕ್ಕೆ.

ಮೇಲ್ವಿಚಾರಕರು ಬಂದು ನಿಂತರು. ಗಡಿಯಾಚೆಯ ತೆಲುಗಿನವರು, ಕನಿಕರದಿಂದಲೇ ಹೇಳಿದರು: "ಅದಿ ಕಾದಮ್ಮಾ, ಅದಲ್ಲ. ಸ್ವಿಚ್ಚಿಗೆ ಆಜ್ಞೆ ಕೊಡೋ ಕನ್ಸೋಲ್ ಪೋರ್ಟು ಹಿಂದೆ ಐತೆ. ಒಂದ್ಸಾರಿನೂ ಕೈಯಲ್ಲಿ ಹಿಡ್ದಿಲ್ವಾ?"

ಪಕ್ಕದ ಮೇಜಿನ ಹುಡುಗಿ ಅಷ್ಟರಲ್ಲಿ ಕೆಲಸ ಮುಗಿಸಿ ಕೈಕಟ್ಟಿ ಕುಳಿತಿದ್ದಳು. ಅವಳನ್ನು ಬಲ್ಲೆ. ಮೇಷ್ಟ್ರ ಮಗಳು.

ಹೊರಗೆ ಹೊಂಗೆಮರದ ಕೆಳಗೆ ಅವಳೇ ನೀರಿನ ಬಾಟಲಿ ಚಾಚಿ ಮಾತಾಡಿಸಿದಳು. ಎಲ್ಲಿ ಕಲಿತೆ ಎಂದು ಕೇಳಿದಳು. ಹೇಳಿದೆ.

"ಅಯ್ಯೋ, ನಮ್ಮ ಮಾವನ ಸೆಂಟ್ರಾ? ಅಲ್ಲಿಗ್ ಯಾಕ್ ಹೋದ್ಯೇ? ಆ ಬೀರೂನಾಗೆ ಇರೋದೆಲ್ಲ ಗುಜರಿ. ಒಂದುಕ್ಕೂ ಕರೆಂಟೇ ಬರಲ್ಲ."

"ನಿಮ್ಮಪ್ಪಂಗೆ ಗೊತ್ತಾ?"

"ಗೊತ್ತಿಲ್ದೆ ಏನು! ತಂದಾಗ ಅವ್ರೇ ಬಂದು ಜೋಡ್ಸಿ ನಿಲ್ಸಿದ್ದು. ನನ್ನ ಮಾತ್ರ ತುಮಕೂರಿಗೆ ಕಳ್ಸಿದ್ರು, ಕೈಗೆ ಕೊಟ್ಟು ಕಲ್ಸೋ ಕಡೆ ಸೇರ್ಕೊ ಅಂತ." ಹೇಳಿದ ಮೇಲೆ ಅವಳಿಗೆ ನನ್ನ ಮುಖ ಕಂಡಿತು. "ಯಾರು... ಯಾರು ಹೇಳಿದ್ರು ನಿಂಗೆ ಅಲ್ಲಿ ಸೇರು ಅಂತ?" ನಾನು ಬಾಟಲಿಯ ಮುಚ್ಚಳ ತಿರುಗಿಸಿ ಅವಳಿಗೆ ಹಿಂದಕ್ಕೆ ಕೊಟ್ಟೆ.

ಕೆಲಸ ಅವಳಿಗೆ ಸಿಕ್ಕಿತು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಕಲಿತಿದ್ದಳು, ಮಾಡಿ ತೋರಿಸಿದಳು. ನಾನು ಮೇಷ್ಟ್ರ ಮನೆಗೆ ಹೋದೆ. ಅವರು ಕಾಫಿ ತರಿಸಿದರು. ಕಪಾಟಿನ ವಿಷಯ ಎತ್ತುತ್ತಲೇ ದನಿ ತಗ್ಗಿಸಿದರು. "ಬಾಮೈದ ಕಣಮ್ಮಾ. ಹೊಸದಾಗಿ ಶುರು ಮಾಡಿದ್ದ. ನಮ್ಮೋರು ಒಬ್ರು ಮೇಲೆ ಬರ್ಲಿ ಅಂತ..."

"ನಾನು ಯಾರೋರು ಸಾರ್?"

ಅವರು ಕಾಫಿ ಲೋಟವನ್ನು ನನ್ನತ್ತ ಸರಿಸಿದರು. ಮತ್ತೆ ಪ್ರಯತ್ನಿಸು, ವಯಸ್ಸಿದೆ ಎಂದರು. ಕಾಫಿ ಮುಟ್ಟದೆ ಎದ್ದು ಬಂದೆ.

ಸೆಂಟರಿನವನು ವ್ಯಾಪಾರಿ, ಸತ್ತ ಯಂತ್ರವನ್ನು ದೇವರೆಂದು ತೋರಿಸಿ ಬದುಕುವವರು ಎಲ್ಲ ಊರಿನಲ್ಲೂ ಇದ್ದಾರೆ. ಅವನಿಗೆ ಪರವಾನಗಿ ಕೊಟ್ಟವರು ಲ್ಯಾಬನ್ನು ಕಣ್ಣೆತ್ತಿ ನೋಡಿದ್ದರೇ ಎಂಬ ಪ್ರಶ್ನೆಯನ್ನೂ ನಾನು ಬಿಟ್ಟುಕೊಡುವುದಿಲ್ಲ. ಆದರೆ ನನ್ನ ಮೊದಲ ದೂರು ಮೇಷ್ಟ್ರ ಮೇಲೆ. ನಾವು ಅವರ ಮೇಲಿಟ್ಟ ನಂಬಿಕೆ ಅವರೊಬ್ಬರ ಸ್ವತ್ತಲ್ಲ, ಅದು ಇಡೀ ಕೇರಿಯದು. ಅದನ್ನು ಬಾಮೈದನಿಗೆ ಬಳುವಳಿಯಾಗಿ ಕೊಡುವ ಹಕ್ಕು ಅವರಿಗೆ ಎಲ್ಲಿಂದ ಬಂತು?

ಈ ವರ್ಷವೂ ಕಾಲೇಜಿನಲ್ಲಿ ಕೊನೆಯ ವರ್ಷದವರಿಗೆ ಉದ್ಯೋಗ ಮಾರ್ಗದರ್ಶನದ ಉಪನ್ಯಾಸ ಅವರದೇ. ಹಳೆಯ ವಿದ್ಯಾರ್ಥಿನಿಯೆಂದು ನಾನೂ ಹೋಗಿ ಕುಳಿತೆ. ನೆಟ್‌ವರ್ಕಿಂಗಿಗೆ ಒಳ್ಳೆಯ ಕಾಲ ಬಂದಿದೆ, ಕೋರ್ಸಿಗೆ ದೂರ ಹೋಗಬೇಕಿಲ್ಲ, ಇಲ್ಲೇ ಮಧುಗಿರಿಯಲ್ಲಿ... ಎನ್ನುತ್ತಿದ್ದಂತೆ ನಾನು ಎದ್ದು ನಿಂತೆ.

"ಸಾರ್, ನಿಮ್ಮ ಮಗಳನ್ನ ಎಲ್ಲಿ ಸೇರಿಸಿದ್ರಿ?"

ಮೇಷ್ಟ್ರು ನನ್ನತ್ತ ತಿರುಗಿದರು. "ನೀನು ನನ್ನ ಸ್ಟೂಡೆಂಟಮ್ಮಾ. ಇಷ್ಟು ಜನರ ಮುಂದೆ ಹಿಂಗ್ ಕೇಳ್ತಾರಾ?"

"ನಿಮ್ಮನೇಲಿ ಕೇಳಿದ್ದೆ ಸಾರ್. ಕಾಫಿ ಕೊಟ್ರಿ."

ಎಲ್ಲೋ ಕಿಸಕ್ಕೆಂದ ನಗು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, "ಹೇಳಿ ಸಾರ್, ನಮ್ಗೂ ಗೊತ್ತಾಗ್ಲಿ, ನಿಮ್ಮನೆ ಅಕ್ಕ ಎಲ್ ಕಲ್ತಿದ್ದು?" ಎಂದಳು. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ತುಮಕೂರಿನ ಆ ಸಂಸ್ಥೆಯ ಹೆಸರನ್ನು, ಅದಿರುವ ರಸ್ತೆಯನ್ನು, ಯಾವ ಬಸ್ಸು ಹತ್ತಬೇಕೆಂಬುದನ್ನೂ ಹೇಳಿದರು. ಹುಡುಗಿಯರು ಮೊಬೈಲಿನಲ್ಲಿ ಗುರುತು ಹಾಕಿಕೊಂಡರು. ಅಷ್ಟೇ. ಎರಡು ಮಾತು. ಅಷ್ಟನ್ನು ಹೇಳಲು ಅವರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ನಾನು ಒಬ್ಬಳೇ ನಂಬಿಕೊಂಡು ಕೇಳಿದ್ದಾಗ ಅದನ್ನು ಹೇಳಲು ಅವರಿಗೆ ಮನಸ್ಸಾಗಿರಲಿಲ್ಲ.