ಸದ್ಯದ ಹನುಮಂತರಾಜು

ನಮ್ಮ ಹನುಮಂತರಾಜುವಿನ ಬಾಯಿಗೆ 'ಸದ್ಯ' ಅನ್ನೋ ಪದ ಅಂಟಿಕೊಂಡಿತ್ತು. ಅದೊಂದು ಇಲ್ಲದಿದ್ದರೆ ಮನುಷ್ಯ ಇನ್ನೂ ಸ್ವಲ್ಪ ಸುಖವಾಗಿ ಇರುತ್ತಿದ್ದ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಗುಬ್ಬಿ ಕಡೆಯವನು. ಅಂತರಸನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅವನು ತಗಡು ಕತ್ತರಿಸುವ ಪ್ರೆಸ್ ಮೆಷಿನ್ ಮುಂದೆ, ನಾನು ಪಕ್ಕದ ಲೇತಿನಲ್ಲಿ, ಏಳೆಂಟು ವರ್ಷ ಒಟ್ಟಿಗೆ ದುಡಿದೆವು.

ಬಟವಾಡಿಯ ಬಾಡಿಗೆ ಮನೆಯ ಶೀಟು ಗಾಳಿಗೆ ಹಾರಿಹೋದಾಗ, ಸದ್ಯ, ಗೋಡೆ ಉಳಿಯಿತು ಅಂದ. ಮಾರನೇ ವಾರ ಗೋಡೆ ಬಿತ್ತು. ಸದ್ಯ, ಆಚೆ ಕಡೆಗೆ ಬಿತ್ತು ಅಂದ. ದೇವರಾಯನದುರ್ಗದಿಂದ ಇಳಿಯುವಾಗ ಬ್ರೇಕ್ ಫೇಲಾಗಿ ಲೂನಾ ಸಮೇತ ಪೊದೆಗೆ ಬಿದ್ದವನು, ನಾವು ಮುಳ್ಳು ಕೀಳುತ್ತಿದ್ದರೆ, ಸದ್ಯ, ದರ್ಶನ ಆದಮೇಲೆ ಬಿದ್ದೆ ಅಂದ. ನಾವೆಲ್ಲ ನಗುತ್ತಿದ್ದೆವು. ಅವನ ಹೆಂಡತಿ ನೇತ್ರಾವತಿ ಮಾತ್ರ ನಗುತ್ತಿರಲಿಲ್ಲ.

ತೊಂಬತ್ತೆಂಟರಲ್ಲಿ ಪ್ರೆಸ್ಸಿಗೆ ಸಿಕ್ಕಿ ಅವನ ಎಡಗೈಯ ಎರಡು ಬೆರಳು ಹೋದವು. ಕೈ ಅಡ್ಡ ಬಂದರೆ ಮೆಷಿನ್ ಇಳಿಯದ ಹಾಗೆ ತಡೆಯುವ ಗಾರ್ಡ್ ಒಂದಿತ್ತು. ಕೆಲಸ ನಿಧಾನವಾಗುತ್ತದೆ ಅಂತ ಸೂಪರ್‌ವೈಸರ್ ಅದನ್ನು ಎಂದೋ ಬಿಚ್ಚಿಸಿಟ್ಟಿದ್ದ. ನಾನು ಆಸ್ಪತ್ರೆಗೆ ಹೋದರೆ ಇವನೇ ನನಗೆ ಸಮಾಧಾನ ಹೇಳಿದ.

"ಸದ್ಯ, ಎಡಗೈ ಕಣೋ ರಂಗನಾಥ. ಊಟದ್ ಕೈ ಉಳ್ಕಂತು."

ಮಲಗಿದ್ದವನಿಗೆ ಎರಡು ಬಾರಿಸುವಷ್ಟು ಸಿಟ್ಟು ಬಂತು ನನಗೆ.

ಮಾಲೀಕರು ದೊಡ್ಡ ಮನಸ್ಸು ಮಾಡಿದರು. ಇವನನ್ನು ಗೇಟ್ ಕಾಯಲು ಹಾಕಿ, ಅದೇ ಪ್ರೆಸ್ಸಿನ ಕೆಲಸವನ್ನು ನೇತ್ರಾವತಿಗೆ ಕೊಟ್ಟರು. ಬೇಡ ಅನ್ನುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದರು, ಗೇಟಿನ ಸಂಬಳವೊಂದರಲ್ಲೇ ಮನೆ ನಡೆಯುತ್ತಿರಲಿಲ್ಲ. ಸದ್ಯ, ಕೆಲಸ ಮನೆಯವರಿಗೇ ಉಳಿಯಿತು ಅಂತ ಇವನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ.

ಅವಳು ಸೋಮವಾರದಿಂದ ಕೆಲಸಕ್ಕೆ ನಿಲ್ಲಬೇಕಿತ್ತು. ಶನಿವಾರ ಸರ್ಕಾರದ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬೆರಳು ಹೋದದ್ದರ ವಿಚಾರಣೆಗೆ ಬರುವವರಿದ್ದರು. ಗಾರ್ಡ್ ಇರಲಿಲ್ಲ ಅಂತ ಒಂದೇ ಒಂದು ಮಾತು ಹೇಳು, ಬರೆದುಕೊಂಡು ಹೋಗಿ ಗಾರ್ಡನ್ನು ಖಾಯಂ ಹಾಕಿಸುತ್ತಾರೆ, ಹೆಂಡತಿಯ ಕೈಯಾದರೂ ಉಳಿಯುತ್ತದೆ ಅಂತ ಶುಕ್ರವಾರವೆಲ್ಲ ಅವನ ಮುಂದೆ ತಲೆ ಚಚ್ಚಿಕೊಂಡೆ. ಹೂಂ ಅಂದ.

ಶನಿವಾರ ಬೆಳಗ್ಗೆ ನೋಡಿದರೆ ಗಾರ್ಡ್ ಎಣ್ಣೆ ಒರೆಸಿಕೊಂಡು ಮೆಷಿನ್ ಮೇಲೆ ಬಂದು ಕೂತಿತ್ತು. ಇನ್‌ಸ್ಪೆಕ್ಟರ್ ಅದನ್ನು ನೋಡಿ, ಅವತ್ತೂ ಇತ್ತಾ ಅಂತ ಇವನನ್ನು ಕೇಳಿದರು. ಇವನು ಮಾಲೀಕರ ಮುಖ ನೋಡಿದ.

"ಇತ್ತು ಸಾರ್. ನಂದೇ ಕೈ ಜಾರ್ತು. ಸದ್ಯ, ಎರಡೇ ಬೆರಳು."

ಅವರು ಅಷ್ಟನ್ನೂ ಬರೆದುಕೊಂಡು, ಸಹಿ ಹಾಕಿಸಿಕೊಂಡು, ಕಾಫಿ ಕುಡಿದು ಎದ್ದರು.

ಕೆಲಸ ನೋಡಿಕೊಂಡು ಹೋಗಲು ಬಂದಿದ್ದ ನೇತ್ರಾವತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಜಗಳವಾಡಲಿಲ್ಲ, ಅಳಲೂ ಇಲ್ಲ. ತುಂಬ ಸುಸ್ತಾದವಳ ಹಾಗೆ ಮಾತಾಡಿದಳು.

"ನಿಮ್ ಕೈಗೆ ನೀವ್ ಏನ್ ಬೇಕಾದ್ರೂ ಸಮಾಧಾನ ಹೇಳ್ಕಳಿ. ನನ್ ಕೈಗೆ ಹೇಳ್ಬೇಡಿ."

ಅವನು ಇನ್‌ಸ್ಪೆಕ್ಟರನ್ನು ಹಿಡಿಯಲು ಗೇಟಿನ ತನಕ ಓಡಿದ. ಜೀಪು ಆಗಲೇ ಮೇನ್ ರೋಡು ಸೇರಿತ್ತು.

ಸೋಮವಾರ ಗಾರ್ಡ್ ಮತ್ತೆ ಮೂಲೆಯಲ್ಲಿ ಬಿದ್ದಿತ್ತು. ನೇತ್ರಾವತಿ ಸೆರಗು ಸಿಕ್ಕಿಸಿಕೊಂಡು ಪ್ರೆಸ್ಸಿನ ಮುಂದೆ ನಿಂತಳು. ಹನುಮಂತರಾಜು ಗೇಟ್ ಬಿಟ್ಟು ಬಂದು ಅವಳ ಪಕ್ಕದಲ್ಲಿ ನಿಂತ. ಸೂಪರ್‌ವೈಸರ್ ಬೈದ, ರಟ್ಟೆ ಹಿಡಿದು ಎಳೆದ. ಇವನು ಕದಲಲಿಲ್ಲ. ಅವತ್ತು ಅವಳ ಕೈಯಲ್ಲಿ ಒಂಬೈನೂರು ಪೀಸಾದವು. ಪ್ರೆಸ್ ಇಳಿದ ಒಂಬೈನೂರು ಸಲವೂ ಅವನು ಕಣ್ಣು ಮುಚ್ಚಿಕೊಂಡ.