ತಡವಾಗಿ ಜಿಗಿದ ಛತ್ರಿ ಕಾಕಾ

ಒಂದು ವರ್ಷ ಹತ್ತಿಗೆ ಒಳ್ಳೆಯ ದರ ಸಿಕ್ಕಾಗ ಅಪ್ಪ ಅವ್ವನಿಗೆ ಮಿಕ್ಸರ್ ತರಲು ಹುಬ್ಬಳ್ಳಿಗೆ ಹೋದರು. ಅಂಗಡಿಯವನ ಮಾತಿಗೆ ಮರುಳಾಗಿ ಮಿಕ್ಸರ್ ಬಿಟ್ಟು ವಿಡಿಯೋ ಗೇಮ್ ತಂದರು. ತಿರ್ಲಾಪುರದ ನಮ್ಮ ಓಣಿಗೆ ಅದೇ ಮೊದಲನೆಯದು. ಅವ್ವ ಎಷ್ಟೋ ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಒಳಕಲ್ಲಿನಲ್ಲಿ ಚಟ್ನಿ ರುಬ್ಬುವ ಸದ್ದು ಮಾತ್ರ ಪಡಸಾಲೆಯವರೆಗೂ ಜೋರಾಗಿ ಕೇಳಿಸುತ್ತಿತ್ತು.

ಅದರ ಜೊತೆ ಬಂದದ್ದು ಒಂದೇ ಕ್ಯಾಸೆಟ್. ಮೇಲೆ ಅಂಟಿಸಿದ್ದ ಚೀಟಿಯ ಅಕ್ಷರ ಯಾವ ದೇಶದ್ದೋ, ನಮ್ಮ ಊರಿನ ಹೆಡ್‌ಮಾಸ್ತರರಿಗೂ ಓದಲು ಬರಲಿಲ್ಲ. ಹಾಗಾಗಿ ಆಟಕ್ಕೆ ಅಕ್ಕನೇ ಹೆಸರಿಟ್ಟಳು: ಛತ್ರಿ ಕಾಕಾ. ಕುಳ್ಳಗೆ ದಪ್ಪಗಿನ ಒಬ್ಬ ಮನುಷ್ಯ ಕೊಡೆ ಹಿಡಿದು ಓಡುತ್ತಾನೆ. ಹೊಳೆಯಲ್ಲಿ ಮೊಸಳೆಗಳು ಬಾಯಿ ತೆರೆದಿರುತ್ತವೆ, ಅವುಗಳ ಬೆನ್ನ ಮೇಲಿಂದ ಜಿಗಿಯಬೇಕು. ಮರದ ಮೇಲಿನ ಮಂಗಗಳು ತೆಂಗಿನಕಾಯಿ ಎಸೆಯುತ್ತವೆ, ಕೊಡೆ ಬಿಚ್ಚಿ ತಪ್ಪಿಸಿಕೊಳ್ಳಬೇಕು. ಎಲ್ಲ ದಾಟಿದರೆ ಒಂದು ಅರಮನೆ. ಅರಮನೆಯ ಬಾಗಿಲಿಗೆ ಕಾಕಾ ಕೈ ಹಚ್ಚಿದ ಕೂಡಲೇ ಚಿತ್ರ ಗಕ್ಕನೆ ನಿಂತು, ಆಟ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಕ್ಯಾಸೆಟ್ಟೇ ಕಳ್ಳಮಾಲು ಎಂಬುದು ನಮಗೆ ಗೊತ್ತಿರಲಿಲ್ಲ. ಆಟದ ರೀತಿಯೇ ಹೀಗೆ ಎಂದುಕೊಂಡಿದ್ದೆವು.

ಬಾಗಿಲವರೆಗೆ ಹೋಗುತ್ತಿದ್ದವಳು ಅಕ್ಕ ಒಬ್ಬಳೇ. ನಾನು ಮಂಗಗಳ ಕೈಯಲ್ಲೇ ಸಾಯುತ್ತಿದ್ದೆ. ಅಕ್ಕ ಆಡುತ್ತಿದ್ದಾಗ ಓಣಿಯ ಹುಡುಗರು ನಮ್ಮ ಕಿಟಕಿಗೆ ಜೋತುಬೀಳುತ್ತಿದ್ದರು.

ಈಗ ನಾನು ಗುಡಗೇರಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ಅಕ್ಕ ಯರಗುಪ್ಪಿಯ ಕಡೆ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಅವಳ ಗಂಡ, ನಾನು ಮಾಮಾ ಎನ್ನುವವರು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಅಕ್ಕ ಶಾಲೆಯ ಗೇಟಿನೊಳಗೆ ಕಾಲಿಟ್ಟರೆ ಮಕ್ಕಳಿಗಿಂತ ಮೊದಲು ಮಾಸ್ತರರು ಸಾಲಾಗಿ ನಿಲ್ಲುತ್ತಾರೆ ಎಂದು ಮಾಮಾ ಹೇಳುತ್ತಾರೆ. ಅವಳ ಎದುರಿಗೆ ಹೇಳುವುದಿಲ್ಲ.

ಹೋದ ವರ್ಷ ನಾನು ಹೊಸ ಕಾಲದ ಗೇಮಿಂಗ್ ಕನ್ಸೋಲ್ ಒಂದನ್ನು ಕೊಂಡೆ. ಮಕ್ಕಳ ಸಲುವಾಗಿ ಎಂದೆ. ಮಕ್ಕಳಿಬ್ಬರೂ ಧಾರವಾಡದ ಹಾಸ್ಟೆಲಿನಲ್ಲಿ ಇದ್ದಾರೆ ಎಂಬುದನ್ನು ನನ್ನ ಹೆಂಡತಿ ಸಾವಕಾಶವಾಗಿ ನೆನಪಿಸಿದಳು. ಒಂದು ಮಧ್ಯಾಹ್ನ ಅಂಗಡಿಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮನೆಗೆ ಬಂದು, ಅದರಲ್ಲಿ ಮಾರಾಟಕ್ಕಿದ್ದ ಹಳೆಯ ಆಟಗಳನ್ನು ನೋಡುತ್ತಾ ಕುಳಿತಿದ್ದೆ. ಹಳೆಯ ಆಟಗಳಿಗೆ ಹೊಸ ಬಣ್ಣ ಬಳಿದು ಹೊಸ ಯಂತ್ರಗಳಿಗಾಗಿ ಮತ್ತೆ ಬಿಡುವುದು ಈಗ ದೊಡ್ಡ ವ್ಯಾಪಾರ. ಆ ಸಾಲಿನಲ್ಲಿ ಒಂದು ಸಣ್ಣ ಚಿತ್ರ ಕಂಡಿತು: ಹೊಳೆ, ಮೊಸಳೆ, ಕೊಡೆ. ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಛತ್ರಿ ಕಾಕಾ ಸಿಕ್ಕಾನ."

ಅವಳು ಶಾಲೆಯಲ್ಲಿ ಯಾವುದೋ ಸಭೆಯಲ್ಲಿದ್ದಳು.

"ಆಯ್ತವಾರ ಬರತೇನಿ," ಎಂದಳು. "ನಾ ಬರೂಮಟಾ ಮುಟ್ಟಬ್ಯಾಡ ಅದನ್ನ."

ಭಾನುವಾರ ಶೇಂಗಾ ಹೋಳಿಗೆಯ ಡಬ್ಬಿಯೊಂದಿಗೆ ಅಕ್ಕ, ಮಾಮಾ ಇಬ್ಬರೂ ಬಂದರು. ಅಕ್ಕ ಡಬ್ಬಿಯನ್ನು ನನ್ನ ಹೆಂಡತಿಯ ಕೈಗಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಟಿವಿಯ ಎದುರಿಗೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ನಾನು ಆಟ ಹಚ್ಚಿದೆ.

ಮೊದಲ ಪೆಟ್ಟು ಆಗಲೇ ಬಿತ್ತು. ತಿರ್ಲಾಪುರದ ಮನೆಯಲ್ಲಿದ್ದ ನಮ್ಮ ಟಿವಿ ಕಪ್ಪು-ಬಿಳುಪಿನದು, ಅದರಲ್ಲೂ ಮಳೆ ಬಂದಂತೆ ಚುಕ್ಕಿಗಳು. ಈಗ ಗೋಡೆಯಗಲದ ಪರದೆಯಲ್ಲಿ, ಬಣ್ಣದಲ್ಲಿ, ನಿಚ್ಚಳವಾಗಿ ಕಾಕಾ ನಿಂತಿದ್ದ. ನಾವು ಧೋತರ ಅಂದುಕೊಂಡದ್ದು ಗುಲಾಬಿ ಬಣ್ಣದ ಲಂಗವಾಗಿತ್ತು. ಮೀಸೆ ಅಂದುಕೊಂಡದ್ದು ಮೂಗಿನ ನೆರಳು. ತಲೆಯ ಮೇಲಿನ ಪೇಟ ಅಂದುಕೊಂಡದ್ದು ತುರುಬು.

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತು ನಕ್ಕಳು. "ಅಯ್ಯ, ಇವಾ ಕಾಕಾ ಅಲ್ಲರೀ ವೈನಿ, ಕಾಕು!"

ಅಕ್ಕ ಪರದೆಯನ್ನೇ ದಿಟ್ಟಿಸಿದಳು. ಬಾಲ್ಯವೆಲ್ಲ ಒಬ್ಬ ಮುದುಕಿಯನ್ನು ಗಂಡಸು ಎಂದು ಕರೆದದ್ದಕ್ಕೆ ಬೇಜಾರಾಯಿತೋ ಏನೋ, "ಇರಲಿ ಬಿಡು, ಹೆಣ್ಮಗಳಾದ್ರ ಛಲೋನ ಆತು," ಎಂದು ರಿಮೋಟು ಹಿಡಿದಳು.

ಮೊದಲ ಮೊಸಳೆಗೇ ಬಿದ್ದಳು.

ಎರಡನೆಯ ಸಲವೂ ಅದೇ ಮೊಸಳೆ. ಮೂರನೆಯ ಸಲ ಮೊಸಳೆಯವರೆಗೂ ಹೋಗದೆ ದಂಡೆಯ ಮೇಲಿಂದ ನೇರವಾಗಿ ನೀರಿಗೆ ನಡೆದಳು. ಕಾಕು ಬಿದ್ದಾಗ ಹಿಂದೆಲ್ಲ 'ಟುಂಯ್' ಎಂದು ಒಂದು ಸದ್ದು ಬರುತ್ತಿತ್ತು. ಈಗ ಅದರ ಬದಲು ಪಿಟೀಲು, ಕೊಳಲು ಸೇರಿದ ದೊಡ್ಡ ಮೇಳವೇ ಶೋಕ ಹಾಡಿತು. ಪ್ರತಿ ಸಲ ಬಿದ್ದಾಗಲೂ ಆ ಪೂರ್ತಿ ಸಂಗೀತ ಕೇಳಬೇಕು, ತಪ್ಪಿಸುವ ಹಾಗಿಲ್ಲ.

ಮಾಮಾ ಕುರ್ಚಿಯಲ್ಲಿ ಕುಳಿತು ಹೋಳಿಗೆ ಮುರಿಯುತ್ತಿದ್ದರು. ಮೆಲ್ಲಗೆ ಅಂದರು, "ವಯಸ್ಸಾತು ನೋಡು. ಕೈ ಮೊದಲಿನ್ಹಂಗ ಓಡೂದಿಲ್ಲ."

ಆ ಮಾತು ಅವರು ಆಡಬಾರದಿತ್ತು.

"ನನ್ನ ಕೈ ಓಡತಾವ್ರಿ," ಅಕ್ಕ ತಿರುಗಿಯೂ ನೋಡದೆ ಹೇಳಿದಳು. "ಇದಕ್ಕ ಬ್ಯಾನಿ ಬಂದೈತಿ. ನಾ ಒತ್ತತೇನಿ, ಆಕಿ ಜಿಗಿಯೂದಿಲ್ಲ. ಒತ್ತಿದ ಮ್ಯಾಲೆ ನಿಂತು ವಿಚಾರ ಮಾಡತಾಳ, ಜಿಗೀಲೋ ಬ್ಯಾಡೋ ಅಂತ. ಅಷ್ಟರಾಗ ಮೊಸಳಿ ಬಂದಿರತೈತಿ."

ನಾನೂ ಆಡಿ ನೋಡಿದೆ. ಅವಳ ಮಾತು ನಿಜವೇ ಅನಿಸಿತು. ಗುಂಡಿ ಒತ್ತಿದ ಮೇಲೆ ಕಾಕು ಕಣ್ಣು ಮಿಟುಕಿಸುವಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಹಾರುತ್ತಿದ್ದಳು. ಟಿವಿಯ ಸೆಟ್ಟಿಂಗಿನಲ್ಲಿ ಗೇಮಿಗೆಂದೇ ಇದ್ದ ಆಯ್ಕೆಯನ್ನು ಹುಡುಕಿ ಬದಲಿಸಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ಚಿತ್ರಗಳ ಅಂಚನ್ನೆಲ್ಲ ತಿಕ್ಕಿ ನುಣ್ಣಗೆ ಮಾಡಿದ್ದರು, ಮೊಸಳೆಗಳು ಬೆಣ್ಣೆ ಸವರಿದ ಬದನೆಕಾಯಿಯಂತೆ ಕಾಣುತ್ತಿದ್ದವು. ಪರದೆಯ ಎಡಬಲದಲ್ಲಿ ಖಾಲಿ ಉಳಿದ ಜಾಗಕ್ಕೆ ಲಗ್ನಪತ್ರಿಕೆಯಲ್ಲಿ ಇರುವಂಥ ಹೂಬಳ್ಳಿ ಬರೆದಿದ್ದರು.

ಮೊಬೈಲಿನಲ್ಲಿ ಹುಡುಕಿದೆ. ಈ ಆಟದ ಬಗ್ಗೆ ದೇಶದೇಶದವರೆಲ್ಲ ಬೈದು ಬರೆದಿದ್ದರು. ತಡವಾಗಿ ಜಿಗಿಯುತ್ತದೆ, ಸಂಗೀತ ಕೆಡಿಸಿದ್ದಾರೆ, ಅವಸರದಲ್ಲಿ ಬಿಟ್ಟಿದ್ದಾರೆ. ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದೆ. ಅಕ್ಕನ ಮುಖದಲ್ಲಿ ಎಂಥ ಸಮಾಧಾನ! ಮಾಮಾ ಮಾತ್ರ ಒಪ್ಪಲಿಲ್ಲ.

"ಬೈದವರೂ ನಿಮ್ಮ ವಯಸ್ಸಿನವರ ಇರಬೇಕು. ಹಳೇದು ಛಲೋ ಇತ್ತು ಅಂತ ಎಲ್ಲಾರೂ ಅಂತಾರ. ಹಳೇದು ಬಾಜುಕ ಇಟ್ಟು ನೋಡದ ಹೆಂಗ ಹೇಳತೀರಿ?"

ಗಣಿತದ ಮಾಸ್ತರರು, ಸಾಧಿಸಿ ತೋರಿಸದೆ ಬಿಡುವವರಲ್ಲ. ಅಕ್ಕ ಎದ್ದು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿಕೊಂಡಳು.

"ಹೋಗೂಣು ನಡೀರಿ ತಿರ್ಲಾಪುರಕ್ಕ."

ಹಳೆಯ ಮನೆಯಲ್ಲಿ ಈಗ ನಮ್ಮ ಕಾಕಾ, ಎಂದರೆ ಅಪ್ಪನ ತಮ್ಮ, ಮಕ್ಕಳು ಮೊಮ್ಮಕ್ಕಳೊಂದಿಗೆ ಇರುತ್ತಾರೆ. ಮನೆ ತುಂಬಾ ಜನ. ಊಟದ ಹೊತ್ತಿಗೆ ಕಾರಿನಿಂದಿಳಿದ ನಮ್ಮನ್ನು ನೋಡಿ ಅವರು ಗಾಬರಿಯಾದರು; ಹೇಳದೆ ಕೇಳದೆ ಮೂವರೂ ಬಂದರೆ ಯಾರಿಗೋ ಏನೋ ಆಗಿದೆ ಎಂದೇ ಅರ್ಥ.

"ಕಾಕಾ, ನಮ್ಮ ವಿಡಿಯೋ ಗೇಮ್ ಎಲ್ಲೈತಿ?" ಅಕ್ಕ ಕೇಳಿದಳು.

ಕಾಕಾ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಕೊನೆಗೆ ಮಾಮಾನ ಕಡೆ ತಿರುಗಿ, "ಅರಾಮ ಅದಾರೇನ್ರಿ ಇಬ್ರೂ?" ಎಂದು ವಿಚಾರಿಸಿದರು.

ಗೇಮಿನ ಡಬ್ಬಿ ಅಟ್ಟದ ಮೇಲೆ ಸಿಕ್ಕಿತು, ಹಳೆಯ ಬಿತ್ತನೆ ಚೀಲಗಳ ಕೆಳಗೆ. ಕ್ಯಾಸೆಟ್ ಒಳಗೇ ಇತ್ತು. ಹಳೆಯ ಟಿವಿಯೂ ಇತ್ತು, ಆದರೆ ದನದ ಮನೆಯಲ್ಲಿ. ಒಳಗಿನ ಸಾಮಾನೆಲ್ಲ ತೆಗೆದು ಹುಲ್ಲು ಹಾಸಿದ್ದರು. ಪರದೆ ಇದ್ದ ಜಾಗದಿಂದ ಒಂದು ಕೋಳಿ ತಲೆ ಹೊರಹಾಕಿ ನಮ್ಮನ್ನು ನೋಡಿತು. ಕಾವಿಗೆ ಕುಳಿತಿತ್ತು. ಮನೆಯೊಳಗಿನ ಹೊಸ ಟಿವಿಗೆ ಹಳೆಯ ಗೇಮಿನ ವೈರು ಕೂಡುತ್ತಿರಲಿಲ್ಲ.

"ಹಳೀ ಡಬ್ಬಿ ಟಿವಿನ ಬೇಕಂದ್ರ ಗಿರಣ್ಯಾಗ ಐತಿ ನೋಡ್ರಿ," ಕಾಕಾ ಹೇಳಿದರು. "ಗಿರಣಿ ನಡಸೂ ಅವ್ವಗ ಧಾರಾವಾಹಿ ಇಲ್ಲದ ಹಿಟ್ಟ ಬೀಸಾಕ ಬರೂದಿಲ್ಲ."

ಹಿಟ್ಟಿನ ಗಿರಣಿಯಲ್ಲಿ ಜೋಳದ ಬುಟ್ಟಿ ಇಟ್ಟುಕೊಂಡು ನಾಲ್ಕಾರು ಹೆಣ್ಣುಮಕ್ಕಳು ಕುಳಿತಿದ್ದರು. ಗಿರಣಿಯ ಅವ್ವ ಗಟ್ಟಿಗಿತ್ತಿ. ಮೊದಲು ಒಪ್ಪಲಿಲ್ಲ. ಅಕ್ಕ ಪಕ್ಕಕ್ಕೆ ಕರೆದು ತನ್ನ ಮರ್ಯಾದೆಯ ಪ್ರಶ್ನೆ ಎಂದಳು. ಗಂಡ ವಯಸ್ಸಾಯಿತು ಅಂದದ್ದನ್ನೂ ಹೇಳಿದಳು. ಗಿರಣಿಯ ಅವ್ವ ಮಾಮಾನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಧಾರಾವಾಹಿ ಬಂದ್ ಮಾಡಿದಳು.

ಆ ಟಿವಿಯಲ್ಲಿ ಬಣ್ಣವೆಲ್ಲ ಹೋಗಿ ಹಸಿರೊಂದೇ ಉಳಿದಿತ್ತು. ಕ್ಯಾಸೆಟ್ಟಿಗೆ ಬಾಯಿಂದ ಊದಿ ಒಳಗೆ ತುರುಕಿದೆ. ನಡುಗುತ್ತಾ ನಡುಗುತ್ತಾ ಹಸಿರು ಹೊಳೆ, ಹಸಿರು ಮೊಸಳೆ, ಹಸಿರು ಕಾಕು ಬಂದರು. ಅಕ್ಕ ಹಿಟ್ಟಿನ ಚೀಲದ ಮೇಲೆ ಕುಳಿತು ಗುಂಡಿ ಒತ್ತಿದಳು.

ಒತ್ತುವುದೇ ತಡ, ಕಾಕು ಹಾರಿದಳು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಮೊಸಳೆಗಳ ಬೆನ್ನು ಮೆಟ್ಟಿ ಟಣಟಣ ಹಾರುತ್ತಾ ಹೊಳೆ ದಾಟಿದಳು. ಅಕ್ಕನ ಹೆಬ್ಬೆರಳುಗಳು ತಾವಾಗಿಯೇ ಆಡುತ್ತಿದ್ದವು, ನಾಲಿಗೆಯ ತುದಿ ಹಿಂದಿನಂತೆಯೇ ಬಾಯಿಯ ಮೂಲೆಯಲ್ಲಿ ಹೊರಗೆ ಬಂದಿತ್ತು. ಮಂಗ ತೆಂಗಿನಕಾಯಿ ಎಸೆದಾಗಲೆಲ್ಲ ಬುಟ್ಟಿಯ ಹೆಣ್ಣುಮಕ್ಕಳು "ಛತ್ರಿ! ಛತ್ರಿ ಬಿಚ್ಚರಿ ಅಕ್ಕೋರ!" ಎಂದು ಕೂಗಿದರು. ಅರಮನೆಯ ಬಾಗಿಲು ಕಂಡಿತು. ಕಾಕು ಕೈ ಹಚ್ಚಿದಳು, ಚಿತ್ರ ಗಕ್ಕನೆ ನಿಂತಿತು. ಅಕ್ಕ ಗಂಡನ ಕಡೆ ತಿರುಗಿದಳು. ಮೈತುಂಬಾ ಹಿಟ್ಟು, ಹುಬ್ಬು ಕೂಡ ಬೆಳ್ಳಗಾಗಿತ್ತು.

"ಏನಂತೀರಿ ಮಾಸ್ತರ?"

"ಒಪ್ಪಿದೆ," ಮಾಮಾ ಕೈ ಮುಗಿದರು. "ಹೊಸಾದರ ತಪ್ಪ. ನಿಂದಲ್ಲ."

ಗಿರಣಿಯ ಅವ್ವ ಮಾತ್ರ ಬೇರೆಯದೇ ಪ್ರಶ್ನೆ ತೆಗೆದಳು. "ಅಲ್ಲಬೇ, ಬಾಗಲಾ ತಗದ್ರ ಒಳಗ ಯಾರದಾರ?"

ನಮಗ್ಯಾರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಪ್ರಶ್ನೆ ಹೊಳೆದೂ ಇರಲಿಲ್ಲ. ಕಾರಿನಲ್ಲಿ ಬರುವಾಗ ಅಕ್ಕ ನವಲಗುಂದ ದಾಟುವವರೆಗೂ ಗೆದ್ದ ಖುಷಿಯಲ್ಲಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಅಂದಳು, "ಆ ಹೊಸಾದರಾಗ ಬಾಗಲಾ ತಗೀತಿರಬೇಕಲ್ಲ?"

ಕನ್ಸೋಲನ್ನು ಅವಳೇ ಯರಗುಪ್ಪಿಗೆ ಒಯ್ದಳು. ನನ್ನ ಹೆಂಡತಿ ಅದಕ್ಕೆ ಚೀಲವನ್ನೂ ಕೊಟ್ಟು ಕಳಿಸಿದಳು. ಆದರೆ ಅಕ್ಕನಿಗೆ ಮೊಸಳೆ ದಾಟುವುದು ಆಗಲೇ ಇಲ್ಲ. ಅವಳ ಬೆರಳು ಸರಿಯಾದ ಹೊತ್ತಿಗೇ ಒತ್ತುತ್ತಿತ್ತು, ಅದೇ ತೊಂದರೆ. ದಿನಾ ಫೋನ್ ಮಾಡಿ ಆ ಕಂಪನಿಯವರನ್ನು ಬೈಯುತ್ತಿದ್ದಳು. ಒಂದು ದಿನ ಮಾತ್ರ ದನಿ ಬೇರೆಯಾಗಿತ್ತು.

"ಲೇ ತಮ್ಮಾ, ನಿಮ್ಮ ಮಾಮಾ ಅರಮನಿ ಬಾಗಲದಾಗ ನಿಂತಾರ. ಲಗೂನ ಬಾ."

ನಾನು ಅಂಗಡಿ ಮುಚ್ಚಿ ಓಡಿದೆ. ಮಾಮಾ ಹುಟ್ಟಿದಾಗಿನಿಂದ ಇಂಥ ಆಟ ಆಡಿದವರಲ್ಲ. ಗುಂಡಿ ಒತ್ತಿದ ತಕ್ಷಣ ಕಾಕು ಹಾರುವ ಅಭ್ಯಾಸವೇ ಅವರ ಬೆರಳಿಗಿರಲಿಲ್ಲ. ಮೊದಲೇ ಒತ್ತಿ, ಕಾದು, ಹಾರಿಸುವುದೇ ಆಟ ಎಂದುಕೊಂಡು ದಿನಾ ಸಂಜೆ ಚಹಾ ಕುಡಿಯುತ್ತಾ ಕಲಿತುಬಿಟ್ಟಿದ್ದರು. ನಾನು ಬರುವವರೆಗೂ ಆಟ ತಡೆದು ಕುಳಿತಿದ್ದರು.

"ತಗೀಲ್ಯಾ?" ಎಂದರು.

ಬಾಗಿಲು ಕಿರ್ರೆಂದು ತೆರೆಯಿತು. ಒಳಗೆ ದೊಡ್ಡ ಸಿಂಹಾಸನ, ಅದರ ಮೇಲೆ ಕಿರೀಟ ಇಟ್ಟ ದಪ್ಪ ರಾಜ, ಮೈಯೆಲ್ಲ ಒದ್ದೆ. ನಮ್ಮ ಊರಿನ ಮಣ್ಣಿನ ಮಾಳಿಗೆಗಳಂತೆ ಅರಮನೆಯ ಮಾಳಿಗೆಯೂ ಸೋರುತ್ತಿತ್ತು. ಕಾಕು ಹೋಗಿ ಕೊಡೆ ಬಿಚ್ಚಿ ಅವನ ತಲೆಯ ಮೇಲೆ ಹಿಡಿದಳು. ರಾಜ ನಕ್ಕ. ಆಟ ಮುಗಿಯಿತು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಆ ರಾಜನನ್ನು ನೋಡುತ್ತಾ ನಿಂತಿದ್ದಳು.

"ಮಾಳಗಿ ಮ್ಯಾಲೆ ನಾಕ ಪುಟ್ಟಿ ಮಣ್ಣ ಹಾಕಸಿದ್ರ ಆಗ್ತಿತ್ತಲ್ಲ ಇವಗ," ಎಂದಳು. "ಇದಕ್ಕ ನಾ ಇಷ್ಟು ವರ್ಷ ಮೊಸಳಿ ಬಾಯಾಗ ಬಿದ್ದೆ?"

ಮಾಮಾ ನಗಲು ಶುರುಮಾಡಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಕ್ಕ ತಡೆದುಕೊಂಡಳು, ಆಮೇಲೆ ಅವಳೂ ಸೋತಳು.

ಯುಗಾದಿ ಕಳೆದ ಮೇಲೆ ಕಂಪನಿಯವರು ತಪ್ಪು ತಿದ್ದಿದರು. ಬೈಗುಳ ಹೆಚ್ಚಾಗಿರಬೇಕು. ಕನ್ಸೋಲ್ ತಾನಾಗಿಯೇ ಹೊಸ ಆವೃತ್ತಿ ಇಳಿಸಿಕೊಂಡಿತು. ಹೂಬಳ್ಳಿ ಹೋಯಿತು, ಮೇಳದ ಬದಲು ಹಳೆಯ 'ಟುಂಯ್' ಬಂತು, ಒತ್ತಿದ ಕೂಡಲೇ ಕಾಕು ಹಾರತೊಡಗಿದಳು. ಅಕ್ಕ ಅಂದೇ ಬಾಗಿಲು ತೆರೆದು, ರಾಜನ ತಲೆಯ ಮೇಲೆ ಕೊಡೆ ಹಿಡಿದು ಬಂದಳು.

ಸಂಜೆ ಮಾಮಾ ಚಹಾ ಹಿಡಿದು ಕುಳಿತರು. ಕಾಕು ದಂಡೆ ಮುಟ್ಟುವ ಮೊದಲೇ ಹಾರಿ, ಮೊಸಳೆಯ ಮುಂದೆ ಬಿದ್ದಳು. ಮತ್ತೆ ಹಾರಿದಳು, ಮತ್ತೆ ಬಿದ್ದಳು. ಮಾಮಾ ರಿಮೋಟನ್ನು ತಿರುವಿ ಹಿಂದೆ ಮುಂದೆ ನೋಡಿದರು.

"ಅಗದಿ ಕೆಡಿಸಿ ಇಟ್ಟಾರಲ್ಲ ಇದನ್ನ," ಎಂದರು.

ಅಕ್ಕ ಅವರ ಪಕ್ಕಕ್ಕೆ ಕುಳಿತು ಅವರ ಹೆಬ್ಬೆರಳ ಮೇಲೆ ತನ್ನ ಹೆಬ್ಬೆರಳಿಟ್ಟಳು. "ಅವಸರ ಮಾಡಬ್ಯಾಡ್ರಿ. ಮೊಸಳಿ ಬರಲಿ. ಇನ್ನೂ ಬರಲಿ. ಹಾಂ, ಈಗ ಒತ್ರಿ."

ಮೂರು ದಿನ ರಜೆ ಇತ್ತು. ಇಬ್ಬರೂ ಎಲ್ಲಿಗೂ ಹೋಗಲಿಲ್ಲ. ನಾನು ಕನ್ಸೋಲ್ ಕೇಳಲು ಫೋನ್ ಮಾಡಿದಾಗ, ಮಾಮಾ ಮಂಗಗಳವರೆಗೆ ಬಂದಿದ್ದಾರೆ, ಈಗ ತೊಂದರೆ ಕೊಡಬೇಡ ಎಂದು ಅಕ್ಕ ಫೋನ್ ಇಟ್ಟುಬಿಟ್ಟಳು.