ರಾಜಾನ ಕಣ್ಣಿಗೇನಾಗಿತ್ತು?

೧೯೭೦ರ ಸುಮಾರಿಗೆ ನಾನು ಮುಂಬಯಿಯ ಬೈಕುಲ್ಲಾದ ಒಂದು ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿದ್ದೆ. ಅಲ್ಲಿ ನಾನು ಸಾಕಿದ್ದ ಆರು ತಿಂಗಳ ನಾಯಿಮರಿ ರಾಜಾ ಒಂದು ಬೆಳಿಗ್ಗೆ ಕಣ್ಣು ಬಿಡಲಾರದೆ ಗೋಡೆಗೆ ಡಿಕ್ಕಿ ಹೊಡೆಯತೊಡಗಿತು. ಎತ್ತಿಕೊಂಡು ಪರೇಲಿನ ದನದ ಡಾಕ್ಟರ ಹತ್ತಿರ ಓಡಿದೆ. ಅವರು ನಮ್ಮ ಧಾರವಾಡ ಕಡೆಯವರೇ.

“ಜ್ವರ ಬಂದಿತ್ತೇನ? ಎಲ್ಲರೆ ಬಿದ್ದಿತ್ತೇನ? ಇಲಿ ಪಾಷಾಣ ತಿಂದದೇನ?”

“ಇಲ್ಲರಿ,” ಅಂದೆ. ಪ್ರಶ್ನೆ ಹೆಚ್ಚಾದಂತೆ ನನ್ನ ತಲೆಯೇ ಕೆಟ್ಟಿತು. ಇಷ್ಟೆಲ್ಲ ಕಾರಣಗಳಲ್ಲಿ ನಮ್ಮ ರಾಜಾನದು ಯಾವುದು?

“ದಿನಾ ಎಲ್ಲಿ ಕೂಡ್ತದ?”

“ನನ್ನ ಮುಂದನರಿ, ವೆಲ್ಡಿಂಗ್ ಮಾಡೂದು ನೋಡಕೋತ. ಭಾಳ ಶಾಣ್ಯಾ ಅದರಿ, ರೆಪ್ಪಿ ಸುದ್ದಾ ಬಡಿಯೂದಿಲ್ಲ.” ಹೆಮ್ಮೆಯಿಂದಲೇ ಹೇಳಿದೆ.

ಡಾಕ್ಟರು ನನ್ನನ್ನೇ ದಿಟ್ಟಿಸಿದರು. “ನೀ ಏನ ಹಾಕ್ಕೋತಿ?”

“ಕರಿ ಗಾಜಿನ ಮಾಸ್ಕ್‌ರಿ...” ವೆಲ್ಡಿಂಗ್ ಬೆಳಕಿಗೆ ಕಣ್ಣು ಉರಿದರೆ ಆಲೂಗಡ್ಡೆ ಹೋಳು ಇಟ್ಟುಕೊಂಡು ಮಲಗುವವರು ನಾವು. ನಾಯಿಗೂ ಕಣ್ಣಿದೆ ಅನ್ನೋದು ಹೊಳೆದೇ ಇರಲಿಲ್ಲ.

ಡಾಕ್ಟರು ಔಷಧ ಕೊಟ್ಟು, ಕತ್ತಲಲ್ಲಿಡು ಅಂದರು. ವರ್ಕ್‌ಶಾಪಿನ ಮೂಲೆಗೆ ಗೋಣಿ ಪರದೆ ಕಟ್ಟಿ ಅದರ ಹಿಂದೆ ಮಲಗಿಸಿದೆ. ಮೂರನೇ ದಿನ ರಾಜಾ ಗೋಣಿ ಪರದೆ ಸರಿಸಿ ಹೊರಬಂತು, ನನ್ನನ್ನು ನೋಡಿ ಬೊಗಳಿತು. ನನ್ನ ಮುಖದ ಮೇಲೆ ಮಾಸ್ಕ್ ಇತ್ತು, ಅದಕ್ಕೇ ಇರಬೇಕು ಅಂದುಕೊಂಡೆ. ತೆಗೆದ ಮೇಲೂ ಬೊಗಳಿದರೆ? ತೆಗೆದು ನೋಡುವ ಧೈರ್ಯ ಆಗಲಿಲ್ಲ.